ಎರಡು ಕೋಟಿ ಅಯಾನುಗಳ ಸಿರಿವಂತಿಕೆ

ಗಾಳಿಯನ್ನು ಮಾರುವ ವ್ಯಾಪಾರಕ್ಕೆ ದೊಡ್ಡ ಸಂಖ್ಯೆಯೇ ದೊಡ್ಡ ಬಂಡವಾಳ. ಗಾಳಿಗೆ ನೆಗೆಟಿವ್ ಅಯಾನುಗಳನ್ನು, ಎಂದರೆ ಋಣ ವಿದ್ಯುದಂಶ ಹೊತ್ತ ಕಣಗಳನ್ನು, ಬಿಟ್ಟು ಶುದ್ಧಗೊಳಿಸುತ್ತದೆಂದು ಮಾರುವ ಯಂತ್ರದ ಡಬ್ಬಿಯ ಮೇಲೆ ‘ಸೆಕೆಂಡಿಗೆ ಎರಡು ಕೋಟಿ ಅಯಾನುಗಳು’ ಎಂಬಂಥ ಘೋಷಣೆಯನ್ನು ಓದಿದ ಗೃಹಸ್ಥನು, ತನ್ನ ಹಜಾರಕ್ಕೆ ಜೋಗದ ಜಲಪಾತವೇ ಬಂದು ಧುಮುಕಲಿದೆಯೆಂದು ನಂಬಿ, ಕೇಳಿದ ಬೆಲೆಯನ್ನು ಮರುಮಾತಿಲ್ಲದೆ ತೆರುತ್ತಾನೆ. ಜಲಪಾತದ ಮಾತು ಇಲ್ಲಿ ಸುಮ್ಮನೆ ಬಂದದ್ದಲ್ಲ. ಬಿದ್ದ ನೀರು ಬಡಿದು ಹನಿಯೊಡೆಯುವಾಗ ಸುತ್ತಲಿನ ಗಾಳಿಗೆ ಋಣ ವಿದ್ಯುದಂಶ ಸೇರುತ್ತದೆಂಬುದನ್ನು ಜರ್ಮನಿಯ ವಿಜ್ಞಾನಿ ಫಿಲಿಪ್ ಲೆನಾರ್ಡ್ 1892ರಲ್ಲಿ ತೋರಿಸಿದ್ದು ನಿಜ. ಆ ಒಂದು ನಿಜದ ಬಾಲವನ್ನು ಹಿಡಿದುಕೊಂಡು ಮಾರಾಟಗಾರರು ನೆಮ್ಮದಿ, ಗಾಢ ನಿದ್ರೆ, ರೋಗನಿರೋಧಕ ಶಕ್ತಿ, ಮಕ್ಕಳ ಏಕಾಗ್ರತೆ ಇವೆಲ್ಲವನ್ನೂ ಒಂದರ ಹಿಂದೆ ಒಂದರಂತೆ ಎಳೆದು ತಂದಿದ್ದಾರೆ.

ಈ ಜಲಪಾತವನ್ನು ಮನೆಯಲ್ಲೇ ಕಟ್ಟಬಯಸುವವನಿಗೆ ಬೇಕಾದ ಸಾಮಗ್ರಿಯೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಯಾಗಿ ಸಿಗುತ್ತದೆ: ಒಂದಷ್ಟು 1ಎನ್4007 ಡಯೋಡುಗಳು, ಹೆಚ್ಚಿನ ವೋಲ್ಟೇಜ್ ತಾಳಿಕೊಳ್ಳುವ ಕೆಪಾಸಿಟರುಗಳು, ಕೆಲವು ಮೆಗಾಓಮ್ ರೆಸಿಸ್ಟರುಗಳು. ಸೂಜಿಯಂತೂ ಮನೆಯ ಹೊಲಿಗೆ ಡಬ್ಬಿಯಲ್ಲೇ ಇರುತ್ತದೆ. ನಮ್ಮ 230 ವೋಲ್ಟ್ ಎ.ಸಿ. ವಿದ್ಯುತ್ತು ತನ್ನ ಏರಿಳಿತದ ತುದಿಯಲ್ಲಿ ಸುಮಾರು 325 ವೋಲ್ಟ್ ಮುಟ್ಟುತ್ತದೆ. ಎರಡು ಡಯೋಡು ಮತ್ತು ಎರಡು ಕೆಪಾಸಿಟರು ಸೇರಿದರೆ ಒಂದು ಸ್ಟೇಜ್. ವಿದ್ಯುತ್ತು ದಿಕ್ಕು ಬದಲಿಸಿದಾಗಲೆಲ್ಲ, ಸಾಲುನಿಂತವರು ಬಾವಿಯಿಂದ ಬಿಂದಿಗೆಯನ್ನು ಕೈಯಿಂದ ಕೈಗೆ ದಾಟಿಸುವಂತೆ, ಒಂದು ಕೆಪಾಸಿಟರು ತನ್ನ ಚಾರ್ಜನ್ನು ಮುಂದಿನದಕ್ಕೆ ದಾಟಿಸುತ್ತದೆ, ಡಯೋಡು ಅದು ಹಿಂದಿರುಗದಂತೆ ತಡೆಯುತ್ತದೆ. ಪ್ರತಿ ಸ್ಟೇಜ್ ಹೆಚ್ಚುಕಡಿಮೆ 650 ವೋಲ್ಟ್ ಕೂಡಿಸುವುದರಿಂದ, ಹತ್ತು ಸ್ಟೇಜ್ ದಾಟುವ ಹೊತ್ತಿಗೆ ಲೆಕ್ಕದ ಮಟ್ಟಿಗೆ 6,500 ವೋಲ್ಟ್ ಕೈಸೇರುತ್ತದೆ. ಡಯೋಡುಗಳ ಮುಖವನ್ನು ತಿರುಗಿಸಿ ಕೂರಿಸಿದರೆ ಅದು ಋಣ ವೋಲ್ಟೇಜ್ ಆಗುತ್ತದೆ. ಸ್ಟೇಜುಗಳ ಇದೇ ಏಣಿಯನ್ನು ಬಹು ದೊಡ್ಡದಾಗಿ ಕಟ್ಟಿ, ಕೇಂಬ್ರಿಜ್‌ನಲ್ಲಿ ವಿಜ್ಞಾನಿಗಳಾದ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ 1932ರಲ್ಲಿ ಲಿಥಿಯಂ ಪರಮಾಣುವಿನ ಬೀಜವನ್ನು ಒಡೆದರು. 1951ರಲ್ಲಿ ಅವರಿಗೆ ನೊಬೆಲ್ ಬಂದಿತು. ಅದೇ ಏಣಿ ಈಗ ನೀಲಿ ದೀಪ ಮಿನುಗಿಸುತ್ತ ಟಿ.ವಿ. ಪಕ್ಕದಲ್ಲಿ ಕುಳಿತು ಗೃಹಶಾಂತಿಯನ್ನು ಕಾಯುತ್ತಿದೆ.

ಏಣಿಯ ಕೊನೆಯಲ್ಲಿ ಸೂಜಿಯಿದೆ. ಗಾಳಿಯ ನಿರೋಧವನ್ನು ಮುರಿಯಲು ಪ್ರತಿ ಮಿಲಿಮೀಟರಿಗೆ ಸುಮಾರು 3,000 ವೋಲ್ಟ್ ಬೇಕು. ಚೂಪು ತುದಿಯಲ್ಲಿ ವಿದ್ಯುತ್ ಕ್ಷೇತ್ರವು ಒಟ್ಟಾಗಿ ಕಿಕ್ಕಿರಿಯುವುದರಿಂದ ಅಲ್ಲಿ ಮಾತ್ರ ಆ ಮಿತಿ ದಾಟುತ್ತದೆ. ಕತ್ತಲಲ್ಲಿ ನೋಡಿದರೆ ನಸುನೇರಳೆ ಮಿಣುಕು, ಹತ್ತಿರ ಕಿವಿಗೊಟ್ಟರೆ ಸಣ್ಣ ಸುಸ್ ಸದ್ದು. ತುದಿಯಿಂದ ಹೊರಬಿದ್ದ ಎಲೆಕ್ಟ್ರಾನುಗಳು ಆಮ್ಲಜನಕದ ಅಣುಗಳಿಗೆ ಅಂಟಿಕೊಂಡು ಅಯಾನುಗಳಾಗುತ್ತವೆ.

ಈಗ ಆ ಎರಡು ಕೋಟಿಯ ಲೆಕ್ಕಕ್ಕೆ ಬರೋಣ. ಒಂದು ಮೈಕ್ರೋಆಂಪಿಯರ್ (ಆಂಪಿಯರಿನ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು) ಎಂದರೆ ಸೆಕೆಂಡಿಗೆ ಸುಮಾರು 6.24 ಲಕ್ಷ ಕೋಟಿ ಎಲೆಕ್ಟ್ರಾನುಗಳ ಹರಿವು. ಎರಡು ಕೋಟಿ ಅಯಾನುಗಳೆಂಬ ಮಹಾಪ್ರವಾಹವನ್ನು ವಿದ್ಯುತ್ತಿನ ಭಾಷೆಯಲ್ಲಿ ಹೇಳಿದರೆ ಆಂಪಿಯರಿನ ಲಕ್ಷ ಕೋಟಿ ಪಾಲಿನಲ್ಲಿ ಮೂರು ಪಾಲಾಗುತ್ತದೆ. ಡಬ್ಬಿಯ ಮೇಲೆ ‘3.2 ಪೀಕೋಆಂಪಿಯರ್’ ಎಂದು ಅಚ್ಚು ಹಾಕಿಸಿದ್ದರೆ ಅದು ಅಷ್ಟೇ ಸತ್ಯವಾಗಿರುತ್ತಿತ್ತು, ಆದರೆ ಒಂದು ಡಬ್ಬಿಯೂ ಖರ್ಚಾಗುತ್ತಿರಲಿಲ್ಲ.

ಅಯಾನುಗಳು ಧೂಳನ್ನು ಮುಟ್ಟುವುದಿಲ್ಲವೆಂದು ಯಾರೂ ಹೇಳಲಾರರು. ಧೂಳಿಗೆ ಅವು ಚಾರ್ಜ್ ಹಚ್ಚುತ್ತವೆ, ಚಾರ್ಜಾದ ಧೂಳು ಹತ್ತಿರದ ಗೋಡೆಗೆ, ಪರದೆಗೆ, ಟಿ.ವಿ.ಗೆ ಹೋಗಿ ಮೆತ್ತಿಕೊಳ್ಳುತ್ತದೆ. ‘ಫಿಲ್ಟರ್ ಬದಲಿಸುವ ತಾಪತ್ರಯವಿಲ್ಲ’ ಎಂಬ ಆಶ್ವಾಸನೆ ಆದ್ದರಿಂದ ಅಕ್ಷರಶಃ ಸತ್ಯ: ಫಿಲ್ಟರ್ ಎಂದರೆ ನಿಮ್ಮ ಗೋಡೆಯೇ, ಬದಲಿಸಬೇಕಾದದ್ದು ಅದರ ಸುಣ್ಣಬಣ್ಣ. ಇನ್ನು ಯಂತ್ರದ ಬಳಿ ಬರುವ ಆ ‘ಗುಡುಗುಮಳೆಯ ನಂತರದ ತಾಜಾತನ’ವು ಓಝೋನಿನ ವಾಸನೆ, ಎತ್ತರದ ಆಕಾಶದಲ್ಲಿ ನಮ್ಮನ್ನು ಕಾಪಾಡುವ ಆ ಅನಿಲವು ಮಲಗುವ ಕೋಣೆಯಲ್ಲಿ ಶ್ವಾಸಕೋಶವನ್ನು ಕೆರಳಿಸುತ್ತದೆ. ಕ್ಯಾಲಿಫೋರ್ನಿಯ ರಾಜ್ಯವು ಮನೆಯ ಗಾಳಿ ಶುದ್ಧೀಕರಣ ಯಂತ್ರಗಳಿಗೆ ಹತ್ತು ಲಕ್ಷಕ್ಕೆ 0.05 ಭಾಗ ಓಝೋನಿನ ಮಿತಿ ಹೇರಿದ್ದು ಇದೇ ಕಾರಣಕ್ಕೆ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆಯು ಇಂಥದೊಂದು ಹೆಸರಾಂತ ಯಂತ್ರವನ್ನು ಪರೀಕ್ಷಿಸಿ ಅದು ಗಾಳಿಯನ್ನು ಶುದ್ಧಗೊಳಿಸಿದ್ದು ಅಷ್ಟಕ್ಕಷ್ಟೇ ಎಂದು ಬರೆದಾಗ, ತಯಾರಕರು ಯಂತ್ರವನ್ನು ಸರಿಪಡಿಸುವ ಬದಲು 2003ರಲ್ಲಿ ಪತ್ರಿಕೆಯ ಮೇಲೆ ಮೊಕದ್ದಮೆ ಹೂಡಿದರು. ಅದು ಮರುವರ್ಷ ವಜಾ ಆಯಿತು. ಕೋವಿಡ್ ಕಾಲದಲ್ಲಿ ಅಲ್ಲಿನ ಶಾಲೆಗಳು ಪರಿಹಾರದ ಹಣದಿಂದ ಅಯಾನು ಯಂತ್ರಗಳನ್ನು ಕೊಂಡವು. ವೈರಸ್ ಸತ್ತಿತೆಂದು ಸಾರಿದ ಪರೀಕ್ಷೆಗಳಲ್ಲಿ ಒಂದು ನಡೆದದ್ದು ಶೂ ಡಬ್ಬಿಯಷ್ಟು ಜಾಗದಲ್ಲಂತೆ. ಮಕ್ಕಳನ್ನು ಶೂ ಡಬ್ಬಿಯಲ್ಲಿ ಕೂರಿಸಿ ಪಾಠ ಹೇಳುವ ಯೋಜನೆ ಮಾತ್ರ ಯಾವ ಶಾಲೆಯಲ್ಲೂ ಇದ್ದಂತಿಲ್ಲ.

ಇಷ್ಟಾದರೂ ಸೂಜಿಯ ಯಂತ್ರಕ್ಕೆ ಒಂದು ಮರ್ಯಾದೆಯಿದೆ, ಅದು ಕರೆಂಟ್ ಬಿಲ್ಲಿಗೆ ಉತ್ತರ ಹೇಳುತ್ತದೆ. ಕಲ್ಯಾಣ ಮಂಟಪಗಳಲ್ಲಿ ಸಭೆ ಸೇರಿಸಿ, ಸರಪಳಿ ವ್ಯಾಪಾರದಲ್ಲಿ ಮಾರುವ ‘ಅಯಾನು ಪೆಂಡೆಂಟ್’ಗೆ ಪ್ಲಗ್ಗೂ ಇಲ್ಲ, ಬ್ಯಾಟರಿಯೂ ಇಲ್ಲ. ವೇದಿಕೆಗೆ ಕರೆದ ಹಿರಿಯರ ಬಲಗೈಯನ್ನು ಅಡ್ಡಕ್ಕೆ ಚಾಚಿಸಿ, ಟೈ ಕಟ್ಟಿದ ಯುವಕನು ಮೊದಲು ಹೊರಗಡೆಗೆ ಒತ್ತಿ ಅವರನ್ನು ವಾಲಿಸುತ್ತಾನೆ. ಪೆಂಡೆಂಟ್ ಕೊರಳಿಗೆ ಬಿದ್ದ ಮೇಲೆ ಮೈಯ ಕಡೆಗೆ ಒತ್ತುತ್ತಾನೆ, ಹಿರಿಯರು ಅಲುಗುವುದಿಲ್ಲ, ಚಪ್ಪಾಳೆ ಬೀಳುತ್ತದೆ. ಇಂಥ ಕೆಲವು ಪೆಂಡೆಂಟುಗಳು ಅಯಾನು ಹುಟ್ಟಿಸುವುದೂ ಸುಳ್ಳಲ್ಲ, ಏಕೆಂದರೆ ಅವುಗಳಲ್ಲಿ ವಿಕಿರಣಶೀಲ ಥೋರಿಯಂ ಇರುವ ಖನಿಜದ ಪುಡಿ ಸೇರಿರುತ್ತದೆ. ಮೊಬೈಲ್ ಗೋಪುರದ 5ಜಿ ತರಂಗಗಳಿಗೆ ಒಂದೇ ಒಂದು ಪರಮಾಣುವನ್ನು ಅಯಾನುಗೊಳಿಸುವ ತ್ರಾಣವಿಲ್ಲ. ಅವುಗಳಿಂದ ರಕ್ಷಣೆ ಬೇಕೆಂದು ಜನ ಅಯಾನುಗೊಳಿಸುವ ವಿಕಿರಣವನ್ನೇ ಎದೆಗೆ ಕಟ್ಟಿಕೊಂಡರು. 2021ರ ಡಿಸೆಂಬರಿನಲ್ಲಿ ನೆದರ್ಲೆಂಡ್ಸಿನ ಪರಮಾಣು ಸುರಕ್ಷತಾ ಪ್ರಾಧಿಕಾರವು ಹತ್ತು ಉತ್ಪನ್ನಗಳನ್ನು ಹೆಸರಿಸಿ, ಅವನ್ನು ಧರಿಸದೆ ಭದ್ರವಾಗಿ ಕಟ್ಟಿಡಿರೆಂದು ಎಚ್ಚರಿಸಿತು. ಆ ಪಟ್ಟಿಯಲ್ಲಿ ಮಕ್ಕಳ ಕೈಪಟ್ಟಿಯೂ ಇತ್ತು.

ಅಟ್ಟದ ಕೋಣೆಯಲ್ಲಿ ಹತ್ತು ಸ್ಟೇಜಿನ ಏಣಿಗೆ ಸೋಲ್ಡರಿಂಗ್ ಮಾಡುತ್ತಿರುವ ಹುಡುಗನಿಗೆ ಮಾತ್ರ ಇಡೀ ಮನೆ ಬೈಯುತ್ತದೆ. ಬೈಗುಳದಲ್ಲಿ ನ್ಯಾಯವಿದೆ: ಟ್ರಾನ್ಸ್‌ಫಾರ್ಮರ್ ಇಲ್ಲದ ಸರ್ಕ್ಯೂಟು ನೇರವಾಗಿ ಮನೆಯ ಲೈನಿಗೆ ಕೂಡಿರುತ್ತದೆ, ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರುಗಳು ಚಾರ್ಜ್ ಹಿಡಿದಿಟ್ಟುಕೊಂಡಿರುತ್ತವೆ, ಮುಟ್ಟಿದವನನ್ನು ಹೊಡೆಯುತ್ತವೆ. ‘ಅದನ್ನು ಮೊದಲು ಆಚೆ ಬಿಸಾಕೋ, ಯಾರಿಗಾದರೂ ಶಾಕ್ ಹೊಡೆದೀತು’ ಎಂದು ಕೆಳಗಿನಿಂದ ಕೂಗುವ ದೊಡ್ಡಪ್ಪನ ಕೊರಳಲ್ಲಿ ಪೆಂಡೆಂಟ್ ಇದೆ, ಮತ್ತು ಬರುವ ಭಾನುವಾರದ ಸಭೆಗೆ ಅವರು ಇನ್ನಿಬ್ಬರನ್ನು ಕರೆತರಬೇಕಾಗಿದೆ.