ಮಡಚಿ ಒಪ್ಪಿಸಿದ ಟೀ ಶರ್ಟು

ಮೊನ್ನೆ ಮೇ ತಿಂಗಳಲ್ಲಿ ಕೊಟ್ಟಾಯಂನಿಂದ ಅಂಕೋಲೆಗೆ ಹೋದಾಗ ಅಕ್ಕನ ಮಗ ಮಧ್ಯಾಹ್ನದ ಊಟಕ್ಕೂ ಸಿಗಲಿಲ್ಲ. ಗೋಕರ್ಣದ ರೆಸಾರ್ಟೊಂದರಲ್ಲಿ ರೂಮ್ ಬಾಯ್ ಅವನು. ವಾರದ ರಜೆಯಿದ್ದರೂ ಕಡಲತೀರ ಸ್ವಚ್ಛತೆಗೆ ಬರಹೇಳಿದ್ದರಂತೆ. ರಾತ್ರಿ ಪಾಳಿ ಮುಗಿಸಿ, ಮುಖ ತೊಳೆದು, ಬೆಳಿಗ್ಗೆ 6ಕ್ಕೆ ಗೋಕರ್ಣದ ಕುಡ್ಲೆ ಬೀಚಿನ ಮರಳಿನಲ್ಲಿ ಬಾಟಲಿ ಹೆಕ್ಕಿದ್ದಾನೆ. ಕಂಪನಿಯ ಹೆಸರಿದ್ದ ಬಿಳಿ ಟೀ ಶರ್ಟು ತೊಡಿಸಿ, ಬ್ಯಾನರ್ ಹಿಡಿಸಿ ಫೋಟೊ ತೆಗೆದರಂತೆ. "ಆಮೇಲೆ ಮಡಚಿ ವಾಪಸ್ ಕೊಟ್ಟೆವು ಮಾವ, ಎಣಿಸಿ ತೆಗೆದುಕೊಂಡರು" ಎಂದು ನಕ್ಕ. ನನಗೆ ನಗು ಬರಲಿಲ್ಲ.

2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭ ಮಾಡುವ ಕಂಪನಿಯೂ ಹಿಂದಿನ 3 ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ತನ್ನದೇ ನೌಕರರಿಗೆಂದು ಮಾಡಿದ ಖರ್ಚು ಆ ಲೆಕ್ಕಕ್ಕೆ ಸೇರದು. ನಿಯಮ ಸರಿಯೇ, ಇಲ್ಲದಿದ್ದರೆ ಸಮವಸ್ತ್ರವನ್ನೂ ದಾನದ ಪಟ್ಟಿಗೆ ಬರೆಯುತ್ತಿದ್ದರು. ಆದರೆ ನೌಕರನಿಗೆ ಕೊಟ್ಟದ್ದು ದಾನವಲ್ಲ ಎಂದಾದರೆ, ನೌಕರನಿಂದ ಕಿತ್ತುಕೊಂಡ ರಜೆ ಕಂಪನಿಯ ದಾನವಾಗುವುದು ಹೇಗೆ? ಸಣ್ಣ ರೆಸಾರ್ಟುಗಳಿಗಂತೂ ಈ ಕಾಯ್ದೆ ತಾಗುವುದೇ ಇಲ್ಲ, ಬ್ಯಾನರ್ ಮಾತ್ರ ಎಲ್ಲರಿಗೂ ಬೇಕು.

ನಾನಿರುವ ಊರಿಗೆ ಕುಮರಕಂ ಹತ್ತಿರ. ಕೇರಳ ಸರ್ಕಾರ 2008ರಲ್ಲಿ ಜವಾಬ್ದಾರಿಯುತ ಪ್ರವಾಸೋದ್ಯಮದ ಪ್ರಯೋಗ ಶುರುಮಾಡಿದ ಜಾಗಗಳಲ್ಲಿ ಅದೂ ಒಂದು. ಊರಿನ ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಸಂಘಗಳ ಹೆಂಗಸರು ಬೆಳೆದ ತರಕಾರಿಯನ್ನು ಹೋಟೆಲುಗಳು ಕೊಳ್ಳುವ ಏರ್ಪಾಡು ಅಲ್ಲಿ ಹುಟ್ಟಿತು. ಊಟ ಬಡಿಸುವ ಹುಡುಗನೊಬ್ಬ ಅತಿಥಿಗೆ "ಈ ಪಡವಲ ನಮ್ಮ ಪಕ್ಕದ ಮನೆಯದು" ಎಂದದ್ದನ್ನು ಕೇಳಿದ್ದೇನೆ. ಹೇಳಿಕೊಟ್ಟ ಮಾತಿನಂತೆ ಕಾಣಲಿಲ್ಲ. ಕೇರಳವೇನೂ ಸ್ವರ್ಗವಲ್ಲ, ಅಲ್ಲಿನ ವೆಂಬನಾಡು ಸರೋವರದ ದೋಣಿಮನೆಗಳ ಕೊಳೆಯ ಬಗ್ಗೆ ಬೇರೆಯೇ ಬರೆಯಬೇಕು. ಆದರೂ ಅಲ್ಲಿ ಒಳ್ಳೆಯ ಕೆಲಸ ಖರೀದಿಯ ಚೀಟಿಯಲ್ಲಿದೆ. ನಮ್ಮಲ್ಲಿ ಹುಡುಗರ ಬೆನ್ನ ಮೇಲಿದೆ.

ನಮ್ಮ ಹುಡುಗನಿಗೆ ಕಂಪನಿಯ ಮೇಲೆ ಸಿಟ್ಟೇನೂ ಇಲ್ಲ. ಅವನು ಓದಿದ ಶಾಲೆಗೆ ಅದೇ ಕಂಪನಿ ಬೆಂಚು ಕೊಟ್ಟಿದೆ. ಅದನ್ನು ನನಗೆ ಎರಡು ಸಲ ಹೇಳಿದ, ಎರಡನೆಯ ಸಲ ತಾನು ಕೂರುತ್ತಿದ್ದ ಕಿಟಕಿ ಬದಿಯ ಜಾಗದ ಸಮೇತ. ಸಂಬಳದ ಬಗ್ಗೆ ಕೇಳಿದರೆ ಮಾತು ತಿರುಗಿಸುವವನು ಬೆಂಚಿನ ಬಗ್ಗೆ ಅಷ್ಟು ಹೇಳುತ್ತಾನೆಂದರೆ, ಆ ಹೆಮ್ಮೆ ಬ್ಯಾನರಿನಿಂದ ಬಂದದ್ದಲ್ಲ.

ಜೂನ್ 5ಕ್ಕೆ ಸಸಿ ನೆಡಲು ಕರೆ ಬಂದಿದೆಯಂತೆ. ಈ ಸಲ ಹಸಿರು ಟೀ ಶರ್ಟು. ಅಳತೆ ಕೇಳಿದ್ದಾರೆ, ಬದಲಿ ರಜೆಯ ಮಾತೆತ್ತಿಲ್ಲ.