ಗೆದ್ದ ಸೈನ್ಯದ ಸಿಪಾಯಿ

ನಮ್ಮ ದೊಡ್ಡಪ್ಪ ಮಿಲ್ಟ್ರಿಯಲ್ಲಿದ್ದವರು. 1987ರಲ್ಲಿ ಶ್ರೀಲಂಕಾಗೆ ಹೋದ ಶಾಂತಿಪಾಲನಾ ಪಡೆಯಲ್ಲಿ ಅವರೂ ಇದ್ದರು. ಮದುವೆ ಮನೆಯ ಪಂಕ್ತಿಯಲ್ಲಿ ಕೂತಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು: ‘ಎಷ್ಟು ಜನರನ್ನ ಹೊಡೆದ್ರಿ?’ ದೊಡ್ಡಪ್ಪ ಬೈಯುತ್ತಿರಲಿಲ್ಲ. ತಲೆ ತಗ್ಗಿಸಿ ಊಟ ಮುಗಿಸಿ ಎದ್ದು ಹೋಗುತ್ತಿದ್ದರು. ಚಿಕ್ಕವನಿದ್ದಾಗ ನಾನೂ ಒಮ್ಮೆ ಕೇಳಿದ್ದೆ.

ಹೋದ ತಿಂಗಳು ವಿಯೆಟ್ನಾಮಿನ ಬಾವೊ ನಿನ್ ಬರೆದ ‘ದಿ ಸಾರೋ ಆಫ್ ವಾರ್’ ಕಾದಂಬರಿ ಓದಿ ಮುಗಿಸಿದೆ. ಅವತ್ತಿನಿಂದ ದೊಡ್ಡಪ್ಪನ ಆ ತಗ್ಗಿಸಿದ ತಲೆಯೇ ಕಣ್ಣ ಮುಂದೆ ಬರುತ್ತಿದೆ.

ವಿಯೆಟ್ನಾಂ ಯುದ್ಧ ಅಂದರೆ ನಾವು ನೋಡಿದ್ದೆಲ್ಲ ಅಮೆರಿಕದ ಸಿನಿಮಾಗಳೇ, ಅಲ್ವಾ? ಸೋತು ಬಂದ ಸಿಪಾಯಿಯ ಸಂಕಟ. ಬಾವೊ ನಿನ್ ಉತ್ತರ ವಿಯೆಟ್ನಾಮಿನ ಸೈನ್ಯದಲ್ಲಿ ಕಾದಾಡಿದವರು. ಗೆದ್ದ ಕಡೆಯವರು. ಅವರ ಕಥಾನಾಯಕ ಕಿಯೆನ್ ಹತ್ತು ವರ್ಷ ಕಾದಾಡಿ ಹನೋಯ್‌ಗೆ ಮರಳುತ್ತಾನೆ. 1969ರಲ್ಲಿ ಅವನ ಬೆಟಾಲಿಯನ್ ಕಾಡೊಂದರಲ್ಲಿ ನಾಶವಾಗಿ ಹತ್ತೇ ಜನ ಉಳಿದಿರುತ್ತಾರೆ. ಯುದ್ಧ ಮುಗಿದ ಮೇಲೆ ಅದೇ ಕಾಡಿಗೆ ಲಾರಿಯಲ್ಲಿ ಹೋಗಿ ಸತ್ತವರ ಮೂಳೆ ಹುಡುಕುವುದು ಅವನ ಕೆಲಸ. ಆ ಲಾರಿಯಲ್ಲೇ ಮಲಗುತ್ತಾನೆ. ಊರಿಗೆ ಬಂದ ಮೇಲೆ ರಾತ್ರಿ ಫ್ಯಾನಿನ ಸದ್ದು ಹೆಲಿಕಾಪ್ಟರಿನ ಸದ್ದಾಗಿ ಕೇಳಿ, ಉಸಿರು ಬಿಗಿಹಿಡಿದು ರಾಕೆಟ್ ಬೀಳುವುದನ್ನೇ ಕಾಯುತ್ತಾನೆ.

ಇದಕ್ಕಿಂತ ನನ್ನನ್ನು ಅಲುಗಾಡಿಸಿದ್ದು ಹೋವಾ ಎಂಬ ಹುಡುಗಿಯ ಕಥೆ. ಗಾಯಾಳುಗಳನ್ನು ಗಡಿ ದಾಟಿಸಲು ದಾರಿ ತೋರಿಸುತ್ತಿದ್ದವಳು ಅವಳು. ದಾರಿ ತಪ್ಪಿದ್ದಕ್ಕೆ ಕಿಯೆನ್ ಅವಳನ್ನು ಬೈದಿರುತ್ತಾನೆ. ಅಷ್ಟರಲ್ಲಿ ಅಮೆರಿಕದ ಸೈನಿಕರು ನಾಯಿ ಹಿಡಿದು ಬರುತ್ತಾರೆ. ಗಾಯಾಳುಗಳು ಸಿಗಬಾರದು ಅಂತ ಹೋವಾ ನಾಯಿಗೆ ಗುಂಡು ಹೊಡೆದು, ಆ ಸೈನಿಕರನ್ನು ತನ್ನ ಹಿಂದೆ ಓಡಿಸಿಕೊಂಡು ಹೋಗಿ ಸಿಕ್ಕಿಬೀಳುತ್ತಾಳೆ. ಕಿಯೆನ್ ಕೈಯಲ್ಲಿ ಗ್ರೆನೇಡ್ ಇತ್ತು. ಎಸೆದರೆ ಗಾಯಾಳುಗಳೆಲ್ಲ ಸಿಕ್ಕಿಬೀಳುತ್ತಿದ್ದರು. ಅವನು ಎಸೆಯಲಿಲ್ಲ. ಅವಳಿಗೆ ಏನಾಯಿತೋ ಅದನ್ನು ಪೊದೆಯಲ್ಲಿ ಅಡಗಿ ನೋಡಿದ.

ಲೆಕ್ಕ ಹಾಕಿದರೆ ಅವನು ಮಾಡಿದ್ದು ಸರಿ. ಆದರೆ ಆ ಸರಿಯನ್ನು ಹೊತ್ತುಕೊಂಡು ಬದುಕುವುದು ಹೇಗೆ? ಗೆದ್ದ ಊರಿನಲ್ಲಿ ಅದನ್ನು ಯಾರ ಹತ್ತಿರ ಹೇಳುವುದು? ಸೋತವನು ಅತ್ತರೆ ಜನ ಒಪ್ಪುತ್ತಾರೆ. ಗೆದ್ದವನಿಗೆ ಹಾರ ಹಾಕಿ ಸುಮ್ಮನಿರಿಸುತ್ತೇವೆ. ಈ ಕಾದಂಬರಿಗೆ 1991ರಲ್ಲಿ ವಿಯೆಟ್ನಾಂ ಬರಹಗಾರರ ಸಂಘ ಬಹುಮಾನ ಕೊಟ್ಟಿತು. ಆಮೇಲೆ ಅಲ್ಲಿಯೇ ಎಷ್ಟೋ ಜನ ಅದರ ಮೇಲೆ ಹರಿಹಾಯ್ದರು. ನನಗೆ ಆಶ್ಚರ್ಯವಾಗಲಿಲ್ಲ.

ಓದಲು ಸುಲಭದ ಪುಸ್ತಕವಲ್ಲ. ಕಥೆ ಹಿಂದಕ್ಕೆ ಮುಂದಕ್ಕೆ ಜಿಗಿಯುತ್ತದೆ. ಸತ್ತವನು ಎರಡು ಪುಟದ ನಂತರ ಇಸ್ಪೀಟು ಆಡುತ್ತಿರುತ್ತಾನೆ. ಮೊದಲು ನನಗೂ ಕಿರಿಕಿರಿಯಾಯಿತು. ಆಮೇಲೆ ಅನ್ನಿಸಿತು, ಕಿಯೆನ್‌ಗೆ ನೆನಪು ಬರುವುದೇ ಹಾಗೆ. ಒಪ್ಪವಾಗಿ ಜೋಡಿಸಿ ಹೇಳಿದ್ದರೆ ಅದು ಸುಳ್ಳಾಗುತ್ತಿತ್ತು.

ಕಳೆದ ಭಾನುವಾರ ಊರಿಗೆ ಹೋಗಿದ್ದೆ. ದೊಡ್ಡಪ್ಪ ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದರು. ‘ದೊಡ್ಡಪ್ಪ, ಅಲ್ಲಿ ನಿಮ್ಮ ಜೊತೆ ಯಾರ್ಯಾರು ಇದ್ರು?’ ಅಂತ ಕೇಳಿದೆ. ಅಡಕೊತ್ತು ಕೆಳಗಿಟ್ಟರು. ಬಹಳ ಹೊತ್ತು ಅಂಗಳ ನೋಡುತ್ತಾ ಕೂತರು. ಆಮೇಲೆ ಒಂದೊಂದಾಗಿ ಮೂರು ಹೆಸರು ಹೇಳಿದರು. ಪ್ರತಿ ಹೆಸರಿನ ಜೊತೆ ಅವರವರ ಊರನ್ನೂ ಹೇಳಿದರು.