ಕಲಾವಿದರೇ, ಬ್ರಷ್ ಹಿಡಿಯುವ ಮೊದಲು ಕೊಟೇಶನ್ ಬರೆಯಿರಿ

ಡಿಸೆಂಬರ್ ಬಂತೆಂದರೆ, ಬೆಂಗಳೂರಿನ ಚಿತ್ರಸಂತೆ (ಕಲಾವಿದರು ರಸ್ತೆಯಲ್ಲೇ ಕೂತು ಚಿತ್ರ ಮಾರುವ ಒಂದು ದಿನದ ಸಂತೆ) ಹತ್ತಿರವಾದಂತೆ, ಕಲಾವಿದರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಪ್ರಶ್ನೆ ಸುತ್ತುತ್ತಿರುತ್ತದೆ: “ಚಿತ್ರಸಂತೆಗೆ 24×36 ಇಂಚಿನ ಕ್ಯಾನ್ವಾಸ್ ಇಡ್ತಿದೀನಿ, ಎಷ್ಟು ಹೇಳ್ಲಿ ಸಾರ್?” ಐದು ಸಾವಿರ ಅನ್ನುವವರೂ ಇದ್ದಾರೆ, ಐವತ್ತು ಸಾವಿರ ಅನ್ನುವವರೂ ಇದ್ದಾರೆ. ಲೆಕ್ಕ ಹೇಳಿಕೊಡುವವರು ಕಡಿಮೆ. ರೇಟಿನ ಚರ್ಚೆ ಬೇಡ ಅನ್ನುತ್ತಿಲ್ಲ. ಆದರೆ ರೇಟು ಕಡಿಮೆ ಹೇಳಿ ಕಳೆದುಕೊಂಡ ದುಡ್ಡಿಗಿಂತ ಬಾಯಿಮಾತಿನಲ್ಲಿ ಕೆಲಸ ಒಪ್ಪಿಕೊಂಡು ಕಳೆದುಕೊಂಡ ದುಡ್ಡೇ ನಮ್ಮವರಲ್ಲಿ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ. ಎಷ್ಟು ಸಲ ತಿದ್ದಿಕೊಡಬೇಕು, ಕೊರಿಯರ್ ಯಾರ ಖರ್ಚು, ಹಕ್ಕು ಯಾರದು, ಬಾಕಿ ಯಾವ ತಾರೀಕಿಗೆ? ಇಷ್ಟನ್ನು ಯಾರೂ ಬರೆದುಕೊಳ್ಳುವುದಿಲ್ಲ.

ಮೊದಲು ರೇಟಿನ ಲೆಕ್ಕ ಮುಗಿಸಿಬಿಡೋಣ. ಮನೆ ಬಾಡಿಗೆ, ಸ್ಟುಡಿಯೋ, ಕರೆಂಟು, ಇನ್ಶೂರೆನ್ಸು, ಮಕ್ಕಳ ಫೀಸು ಎಲ್ಲ ಸೇರಿ ತಿಂಗಳಿಗೆ 45,000 ರೂಪಾಯಿ ಬೇಕು ಎಂದಿಟ್ಟುಕೊಳ್ಳಿ. ತಿಂಗಳಿಗೆ 200 ಗಂಟೆ ದುಡಿದರೂ ಬ್ರಷ್ ಹಿಡಿಯುವುದು ಅದರಲ್ಲಿ ಅರ್ಧ ಹೊತ್ತು. ಮಿಕ್ಕಿದ್ದು ಫೋನು, ಸಾಮಾನು ತರುವುದು, ಫೋಟೊ ತೆಗೆದು ಹಾಕುವುದು, ಪ್ಯಾಕಿಂಗು. ಹಾಗಾಗಿ 45,000ವನ್ನು 100 ಗಂಟೆಗೆ ಹಂಚಬೇಕು: ಗಂಟೆಗೆ 450. ಆ 24×36ರ ಚಿತ್ರಕ್ಕೆ 30 ಗಂಟೆ ಹಿಡಿದರೆ 13,500; ಕ್ಯಾನ್ವಾಸು, ಬಣ್ಣ, ವಾರ್ನಿಶ್‌ಗೆ 3,000. ಅಸಲು 16,500. ಗಮನಿಸಿ, ಇದರಲ್ಲಿ ಲಾಭ ಇನ್ನೂ ಸೇರಿಲ್ಲ, ಮಾರಾಟವಾಗದೆ ಗೋಡೆಗೆ ಒರಗಿ ಕೂತಿರುವ ಚಿತ್ರಗಳ ಗಂಟೆಗಳೂ ಸೇರಿಲ್ಲ.

ಎಡವುವುದು ಮುಂದಿನ ಹೆಜ್ಜೆಯಲ್ಲಿ. ಗ್ಯಾಲರಿಯವರು 40% ಕಮಿಷನ್ ಅಂದರೆ ಬಹಳಷ್ಟು ಜನ 16,500ಕ್ಕೆ ಶೇ. 40 ಸೇರಿಸಿ 23,100 ಎಂದು ಬರೆದುಬಿಡುತ್ತಾರೆ. ಗ್ಯಾಲರಿ ಕಡಿತ ಮಾಡುವುದು ಮಾರಾಟ ಬೆಲೆಯ ಮೇಲೆ. 23,100ರಲ್ಲಿ ಕೈಗೆ ಬರುವುದು 13,860, ಅಂದರೆ ಅಸಲಿಗೇ 2,640 ಖೋತಾ. ಅಸಲನ್ನು 0.6ರಿಂದ ಭಾಗಿಸಬೇಕು: 27,500. ಸ್ಟುಡಿಯೋಗೆ ನೇರವಾಗಿ ಬಂದವರಿಗೂ ಇದೇ ಬೆಲೆ ಇರಲಿ. ಕಮಿಷನ್ ಉಳಿಯಿತಲ್ಲ ಎಂದು 17,000ಕ್ಕೆ ಬಿಟ್ಟುಕೊಟ್ಟರೆ ಒಂದೇ ವಾರದಲ್ಲಿ ಗ್ಯಾಲರಿಗೆ ಗೊತ್ತಾಗುತ್ತದೆ, 27,500 ಕೊಟ್ಟವರಿಗೂ ಗೊತ್ತಾಗುತ್ತದೆ. ಆ ಮಾತು ಊರೆಲ್ಲ ಸುತ್ತುತ್ತದೆ.

ಅಳತೆವಾರು ರೇಟು ಬೇಕೆಂದರೆ 24×36 ಅಂದರೆ 864 ಚದರ ಇಂಚು, 27,500ರ ಲೆಕ್ಕದಲ್ಲಿ ಚದರ ಇಂಚಿಗೆ ಸುಮಾರು 32 ರೂಪಾಯಿ ಬಿತ್ತು. ಇದೇ ರೇಟನ್ನು ಎಲ್ಲ ಅಳತೆಗೂ ಹಚ್ಚಬೇಡಿ. 8×10ರ ಚಿಕ್ಕ ಚಿತ್ರಕ್ಕೆ 2,560 ಆಗುತ್ತದೆ, ಅದು ಸಾಲದು. ಚಿಕ್ಕದಕ್ಕೆ ಸ್ಕೆಚ್ಚು, ಫೋಟೊ, ಪ್ಯಾಕಿಂಗ್ ಎಲ್ಲ ದೊಡ್ಡದಕ್ಕೆ ಹಿಡಿದಷ್ಟೇ ಹೊತ್ತು ಹಿಡಿಯುತ್ತದೆ. ಅದಕ್ಕೆ ಇಂಚಿಗೆ 50 ಇಡಿ, 4,000 ಬರುತ್ತದೆ. 4×6 ಅಡಿಯ ದೊಡ್ಡದಕ್ಕೆ 32ರ ಲೆಕ್ಕದಲ್ಲಿ ಲಕ್ಷ ದಾಟುತ್ತದೆ; 25ಕ್ಕೆ ಇಳಿಸಿದರೆ 86,400. ಈ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಗಿರಾಕಿಯ ಕಾರು ನೋಡಿ ರೇಟು ಹೇಳುವ ಚಾಳಿ ಅಲ್ಲಿಗೆ ನಿಲ್ಲುತ್ತದೆ.

ಈಗ ಮುಖ್ಯ ವಿಷಯ, ಆರ್ಡರ್ ಕೆಲಸ. ನಮ್ಮಲ್ಲಿ ಅತಿ ಹೆಚ್ಚು ಬರುವುದು ಭಾವಚಿತ್ರ, ಅದರಲ್ಲೂ ತೀರಿಕೊಂಡ ತಂದೆತಾಯಿಯದು. ಮೂಲ ಫೋಟೊ ಪಾಸ್‌ಪೋರ್ಟ್ ಸೈಜಿನದು, ಅದನ್ನೂ ಮೊಬೈಲಿನಲ್ಲಿ ಓರೆಯಾಗಿ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿರುತ್ತಾರೆ. ವಾಟ್ಸಾಪ್ ಫೋಟೊವನ್ನು ಕುಗ್ಗಿಸಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಇಲ್ಲವೇ ಫೋಟೊವನ್ನೇ ತರಿಸಿ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಕೊಳ್ಳಿ. ಆಮೇಲೆ ಒಪ್ಪಿಗೆ ಕೊಡುವವರು ಯಾರು ಎಂದು ಒಬ್ಬರ ಹೆಸರು ಬರೆಸಿಕೊಳ್ಳಿ. ಇದು ತಮಾಷೆಯಲ್ಲ. ದೊಡ್ಡ ಮಗ ಒಪ್ಪಿದ ಚಿತ್ರವನ್ನು ಮಗಳು ನೋಡಿ “ಅಮ್ಮನ ಮೂಗು ಹೀಗಿರ್ಲಿಲ್ಲ” ಎನ್ನುತ್ತಾರೆ, ಅಮೆರಿಕದಲ್ಲಿರುವ ಕಿರಿಯವನು “ಸೀರೆ ಹಸಿರಿರಲಿ” ಎನ್ನುತ್ತಾನೆ. ಪೆನ್ಸಿಲ್ ಹಂತದಲ್ಲಿ ಎರಡು ಸಲ ತಿದ್ದುಪಡಿ ಉಚಿತ, ಬಣ್ಣ ಬಿದ್ದ ಮೇಲೆ ಗಂಟೆಗೆ ಇಷ್ಟು ಎಂದು ಮೊದಲೇ ಬರೆದಿದ್ದರೆ ಈ ಮೂವರೂ ಪೆನ್ಸಿಲ್ ಹಂತದಲ್ಲೇ ಕೂತು ಮಾತಾಡಿಕೊಳ್ಳುತ್ತಾರೆ.

ಹಣ ಮೂರು ಕಂತಿನಲ್ಲಿ ಬರಲಿ: ಒಪ್ಪಿದ ದಿನ 40%, ಪೆನ್ಸಿಲ್ ಕರಡು ಒಪ್ಪಿದಾಗ 30%, ಚಿತ್ರ ಕೈಗೆ ಕೊಡುವ ಮೊದಲು 30%. ಮೊದಲ ಕಂತು ವಾಪಸ್ ಇಲ್ಲ. ಅರ್ಧಕ್ಕೆ ಬೇಡ ಎಂದರೆ ಅಲ್ಲಿಯವರೆಗೆ ಬಂದದ್ದು ನಿಮ್ಮದೇ. “ಪೂರ್ತಿ ಆದ್ಮೇಲೆ ಒಟ್ಟಿಗೆ ಕೊಡ್ತೀನಿ” ಎನ್ನುವವರ ಕೆಲಸ ಶುರು ಮಾಡಬೇಡಿ. ಅವರಪ್ಪನ ಭಾವಚಿತ್ರವನ್ನು ನೀವು ಬೇರೆ ಯಾರಿಗೆ ಮಾರುತ್ತೀರಿ?

ಹಕ್ಕಿನ ವಿಷಯದಲ್ಲಿ ದೊಡ್ಡ ತಪ್ಪು ತಿಳಿವಳಿಕೆಯಿದೆ. “ನಾನು ಬರೆದ ಚಿತ್ರ, ಹಕ್ಕು ನಂದೇ” ಎಂದು ಎಲ್ಲರೂ ನಂಬಿದ್ದಾರೆ. ನೀವಾಗಿಯೇ ಬರೆದು ಆಮೇಲೆ ಮಾರಿದ ಚಿತ್ರಕ್ಕೆ ಆ ಮಾತು ಸರಿ. ಕ್ಯಾನ್ವಾಸ್ ಕೊಂಡವರಿಗೆ ಕ್ಯಾನ್ವಾಸ್ ಮಾತ್ರ ಹೋಗುತ್ತದೆ. ಅದನ್ನು ಕ್ಯಾಲೆಂಡರ್‌ಗೆ ಅಚ್ಚು ಹಾಕಿಸುವ ಹಕ್ಕು ಹೋಗುವುದಿಲ್ಲ. ಆದರೆ 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 17ನೇ ಕಲಮು ಒಂದು ವಿನಾಯಿತಿ ಇಟ್ಟಿದೆ: ಒಬ್ಬರು ದುಡ್ಡು ಕೊಟ್ಟು ತಮಗಾಗಿ ಬರೆಸಿದ ವರ್ಣಚಿತ್ರ ಅಥವಾ ಭಾವಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಹಕ್ಕುದಾರರು ಬರೆಸಿದವರೇ. ಅಂದರೆ ಆರ್ಡರ್ ಚಿತ್ರದ ಪ್ರಿಂಟ್ ಮಾಡಿ ಮಾರಲು ನಿಮಗೇ ಅವರ ಅನುಮತಿ ಬೇಕಾದೀತು. “ಕೃತಿಸ್ವಾಮ್ಯ ಕಲಾವಿದರಲ್ಲೇ ಉಳಿಯುತ್ತದೆ” ಎಂಬ ಒಂದು ಸಾಲನ್ನು ಕೊಟೇಶನ್‌ನಲ್ಲಿ ಬರೆದು ಸಹಿ ಹಾಕಿಸಿಕೊಳ್ಳದೆ ಇರುವುದರಿಂದ ಆಗುವ ನಷ್ಟ ಇದು.

ಪುಸ್ತಕದ ಮುಖಪುಟ ಮಾಡುವವರು ಇನ್ನೂ ಎಚ್ಚರವಾಗಿರಬೇಕು. ಕನ್ನಡ ಪ್ರಕಾಶಕರ ಬಜೆಟ್ ಚಿಕ್ಕದು, ಎಷ್ಟೋ ಪುಸ್ತಕ 500 ಅಥವಾ 1,000 ಪ್ರತಿಯಷ್ಟೇ ಅಚ್ಚಾಗುತ್ತದೆ. ಅಲ್ಲಿ ಹೆಚ್ಚು ಹಣ ಕೇಳಲಾಗದು ಎನ್ನುವುದು ನಿಜ. ಹಣ ಕಡಿಮೆಯಾದರೆ ಕೊಡುವ ಹಕ್ಕನ್ನೂ ಕಡಿಮೆ ಮಾಡಿ. “ಈ ಶೀರ್ಷಿಕೆಯ ಮುದ್ರಿತ ಕನ್ನಡ ಆವೃತ್ತಿಗೆ ಮಾತ್ರ” ಎಂದು ಬರೆಯಿರಿ. ಇ-ಪುಸ್ತಕ, ಆಡಿಯೋ, ಪೋಸ್ಟರ್, ಟೀ-ಶರ್ಟು ಎಲ್ಲ ಬೇರೆ. ಹಕ್ಕು ಬರೆದುಕೊಡುವ ಪತ್ರ ಲಿಖಿತವಾಗಿರಬೇಕು, ಸಹಿ ಇರಬೇಕು, ಇಲ್ಲದಿದ್ದರೆ ಕಾನೂನಿನ ಪ್ರಕಾರ ನಡೆಯದು. ಅದರಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಎಂದೂ 19ನೇ ಕಲಮು ಹೇಳುತ್ತದೆ. ಇನ್ನೊಂದು ತಾಂತ್ರಿಕ ಮಾತು: ಪುಟ ಎಷ್ಟು, ಕಾಗದ 70 ಜಿಎಸ್‌ಎಂ (ಕಾಗದದ ತೂಕದ ಅಳತೆ) ಮ್ಯಾಪ್ಲಿಥೋನಾ ಬೇರೆಯಾ ಎಂದು ತಿಳಿಯದೆ ಪುಸ್ತಕದ ಬೆನ್ನಿನ ಅಗಲ ಹಾಕಬೇಡಿ. ಡೆಮಿ 1/8 (ಪುಸ್ತಕದ ಒಂದು ಅಳತೆ) ಅಂದರು ಎಂದು ಮಾಡಿಕೊಟ್ಟ ವಿನ್ಯಾಸವನ್ನು 40 ಪುಟ ಹೆಚ್ಚಾಯಿತೆಂದು ಮತ್ತೆ ಮಾಡಬೇಕಾಗುತ್ತದೆ, ಅದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ.

ಗ್ಯಾಲರಿಗೆ ಚಿತ್ರ ಇಟ್ಟು ಬರುವಾಗ ಚೀಟಿಯಿಲ್ಲದೆ ಬರಬೇಡಿ. ಪ್ರತಿ ಚಿತ್ರದ ಫೋಟೊ, ಅಳತೆ, ಮಾಧ್ಯಮ, ಬೆಲೆ, ಕಮಿಷನ್, ಎಷ್ಟು ತಿಂಗಳಿಗೆ, ರಿಯಾಯಿತಿ ಕೊಟ್ಟರೆ ಯಾರ ಪಾಲಿನಿಂದ, ಹಾನಿಯಾದರೆ ಯಾರು ಭರಿಸುವುದು, ಮಾರಾಟವಾದ ಎಷ್ಟು ದಿನಕ್ಕೆ ಹಣ. ಎಲ್ಲ ಒಂದೇ ಪುಟದಲ್ಲಿ ಹಿಡಿಯುತ್ತದೆ. “ನಮ್ಮಲ್ಲಿ ಅದೆಲ್ಲ ಪದ್ಧತಿಯಿಲ್ಲ” ಎನ್ನುವ ಗ್ಯಾಲರಿಯಿಂದ ಚಿತ್ರ ವಾಪಸ್ ತನ್ನಿ.

ಪ್ಯಾಕಿಂಗ್ ಬಗ್ಗೆ ಯಾರೂ ಮಾತಾಡುವುದಿಲ್ಲ, ಆದರೆ ಲಾಭ ಹೋಗುವುದು ಇಲ್ಲೇ. ಕೊರಿಯರ್‌ನವರು ತೂಕದ ಜೊತೆ ಗಾತ್ರವನ್ನೂ ನೋಡುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಅಸಲಿ ತೂಕ, ಇದು, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಿಲ್ಲು. 24×36ರ ಬಿಗಿದ ಕ್ಯಾನ್ವಾಸನ್ನು 71×101×12 ಸೆಂ.ಮೀ. ಪೆಟ್ಟಿಗೆಯಲ್ಲಿ ಹಾಕಿದರೆ ತಕ್ಕಡಿಯಲ್ಲಿ 4 ಕೆಜಿ ಬಂದರೂ ಬಿಲ್ಲಿನಲ್ಲಿ 17 ಕೆಜಿ ದಾಟುತ್ತದೆ. ಅದೇ ಕ್ಯಾನ್ವಾಸನ್ನು ಕಟ್ಟಿನಿಂದ ಬಿಚ್ಚಿ 75 ಸೆಂ.ಮೀ. ಉದ್ದ, 12 ಸೆಂ.ಮೀ. ದಪ್ಪದ ಪಿವಿಸಿ ಕೊಳವೆಯಲ್ಲಿ ಸುತ್ತಿ ಕಳಿಸಿದರೆ ಗಾತ್ರದ ಲೆಕ್ಕದಲ್ಲಿ 2 ಕೆಜಿ ಚಿಲ್ಲರೆ. ದುಬೈಗೋ ಅಮೆರಿಕಕ್ಕೋ ಕಳಿಸುವಾಗ ಈ ವ್ಯತ್ಯಾಸ ಸಾವಿರಗಳಲ್ಲಿ ಬರುತ್ತದೆ.

ಸುತ್ತುವಾಗ ಬಣ್ಣದ ಮೈ ಹೊರಗಿರಬೇಕು. ಒಳಗೆ ಸುತ್ತಿದರೆ ಬಣ್ಣ ಒತ್ತಿಕೊಂಡು ಸುಕ್ಕಾಗುತ್ತದೆ. ಕೊಳವೆ 4 ಇಂಚಿಗಿಂತ ಕಿರಿದಾದರೆ ಬಿರುಕು ಬಿಡುವ ಅಪಾಯವಿದೆ. ಬಬಲ್ ರ‍್ಯಾಪನ್ನು ನೇರವಾಗಿ ಅಕ್ರಿಲಿಕ್ ಮೇಲೆ ಹಾಕಬೇಡಿ. ಬಿಸಿಲಲ್ಲಿ ನಿಂತ ಲಾರಿಯೊಳಗೆ ಬಣ್ಣ ಮೆತ್ತಗಾಗಿ ಗುಳ್ಳೆಗಳ ಅಚ್ಚು ಹಾಗೇ ಮೂಡುತ್ತದೆ, ಒರೆಸಿದರೆ ಹೋಗುವುದಿಲ್ಲ. ಮೊದಲು ಗ್ಲಾಸೀನ್ ಕಾಗದ (ಬಣ್ಣಕ್ಕೆ ಅಂಟದ ನುಣುಪು ಕಾಗದ), ಆಮೇಲೆ ಬಬಲ್ ರ‍್ಯಾಪ್, ಗುಳ್ಳೆ ಹೊರಮುಖವಾಗಿ. ತೈಲವರ್ಣ ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ತಿಂಗಳುಗಟ್ಟಲೆ ಹಸಿಯಿರುತ್ತದೆ, ಅಲ್ಲಿಯವರೆಗೆ ಅದನ್ನು ಸುತ್ತಲಾಗದು. ಮೈಸೂರು ಶೈಲಿಯ ಚಿತ್ರವನ್ನಂತೂ ಸುತ್ತುವ ಮಾತೇ ಇಲ್ಲ. ಗೆಸ್ಸೋದ (ಬಿಳಿ ಪುಡಿ, ಅಂಟು ಸೇರಿಸಿದ ಲೇಪ) ಉಬ್ಬು ಕೆಲಸ ಒಡೆದು ಚಿನ್ನದ ರೇಕು ಉದುರುತ್ತದೆ. ಅದಕ್ಕೆ ಚಪ್ಪಟೆ ಮರದ ಪೆಟ್ಟಿಗೆಯೇ ಬೇಕು, ಆ ಖರ್ಚು ಗಿರಾಕಿಯದು ಎಂದು ಮೊದಲೇ ಬರೆಯಿರಿ. ರೇಕು ಅಸಲಿ ಚಿನ್ನದ್ದೋ ನಕಲಿಯೋ ಎಂಬುದನ್ನೂ ಬಿಲ್ಲಿನಲ್ಲಿ ಬರೆಯಿರಿ.

ಚಿತ್ರಸಂತೆಗೆ ಹೋಗುವವರಿಗೆ ಎರಡು ಮಾತು. ಕುಮಾರಕೃಪಾ ರಸ್ತೆಯಲ್ಲಿ ಒಂದೇ ದಿನ ಸಾವಿರಕ್ಕೂ ಹೆಚ್ಚು ಕಲಾವಿದರು ಕೂರುತ್ತಾರೆ. ಜನ ನಡೆದು ಬರುತ್ತಾರೆ, ಕೈಯಲ್ಲಿ ಹಿಡಿದು ಹೋಗುವಂಥದ್ದು ಬೇಗ ಹೋಗುತ್ತದೆ. ದೊಡ್ಡದು ಎರಡು-ಮೂರು ಇರಲಿ, ಜನ ನಿಲ್ಲುವುದಕ್ಕೆ. ಬೆಲೆ ಚೀಟಿ ಪ್ರತಿ ಚಿತ್ರಕ್ಕೂ ಅಂಟಿಸಿ. ಕೇಳಲು ಸಂಕೋಚಪಟ್ಟು ಮುಂದೆ ಹೋಗುವವರೇ ಹೆಚ್ಚು. ಆ ಜನಸಂದಣಿಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಎರಡು ಬೇರೆ ಕಂಪನಿಯ ಸಿಮ್ ಇಟ್ಟುಕೊಳ್ಳಿ, ಹಣ ಬಂದ ಮೆಸೇಜ್ ನೋಡಿಯೇ ಚಿತ್ರ ಕೊಡಿ. ಚೌಕಾಸಿಗೆ ಬೆಲೆ ಇಳಿಸುವ ಬದಲು ಒಂದು ಚಿಕ್ಕ ಪ್ರಿಂಟ್ ಜೊತೆಗೆ ಕೊಡಿ. ಮತ್ತೆ, ಡಿಜಿಟಲ್ ಪ್ರಿಂಟನ್ನು ಪ್ರಿಂಟ್ ಎಂದೇ ಹೇಳಿ ಮಾರಿ. ಸಂಖ್ಯೆ ಹಾಕುವುದಾದರೆ 1/25 (ಒಟ್ಟು 25ರಲ್ಲಿ ಮೊದಲನೆಯದು) ಎಂದು ಬರೆದ ಮೇಲೆ 26ನೆಯದು ಅಚ್ಚಾಗಬಾರದು.

ಗೋಡೆ ಚಿತ್ರ ಒಪ್ಪಿಕೊಳ್ಳುವವರು ಚದರ ಅಡಿ ರೇಟಿನಲ್ಲಿ ಸಾರುವೆ, ಪ್ರೈಮರ್, ಊಟ-ವಸತಿ ಸೇರಿದೆಯೋ ಇಲ್ಲವೋ ಬಿಡಿಸಿ ಬರೆಯಿರಿ. ಹೊಸ ಗಾರೆಗೆ ನಾಲ್ಕು ವಾರವಾದರೂ ಆಗಿರಬೇಕು. ಮಲೆನಾಡಿನ ಹೋಮ್‌ಸ್ಟೇ ಗೋಡೆಗಳ ಕಥೆ ಬೇರೆ: ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಒಂದು ದಿನ ಬಿಡಿ, ಒಳಗೆ ನೀರಹನಿ ಕೂತಿದ್ದರೆ ಬಣ್ಣ ಹಚ್ಚಬೇಡಿ. ಮಳೆಗಾಲ ಮುಗಿಯುವಷ್ಟರಲ್ಲಿ ಉಪ್ಪು ಮೇಲೆದ್ದು ಬಣ್ಣ ಸಿಪ್ಪೆಸಿಪ್ಪೆಯಾಗಿ ಬರುತ್ತದೆ, ಬೈಗುಳ ಕಲಾವಿದರಿಗೆ.

ತೆರಿಗೆ ವಿಷಯ ಚುಟುಕಾಗಿ. ಕೈಯಿಂದ ಬರೆದ ಚಿತ್ರಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 12%ರಿಂದ 5%ಗೆ ಇಳಿದಿದೆ. ಕರ್ನಾಟಕದಲ್ಲಿ ಬರೀ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಯೂ ಇದ್ದರೆ 20 ಲಕ್ಷದವರೆಗೆ ನೋಂದಣಿ ಕಡ್ಡಾಯವಲ್ಲ. ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಹೊರರಾಜ್ಯಕ್ಕೆ ಸರಕು ಮಾರಿದರೆ ಸಾಮಾನ್ಯವಾಗಿ ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ಪಟ್ಟಿ ಮಾಡಿದ ಕರಕುಶಲ ವಸ್ತುಗಳಿಗೆ ವಿನಾಯಿತಿಯಿದ್ದು, ಮೈಸೂರು ಶೈಲಿಯ ಚಿತ್ರಗಳು ಆ ಪಟ್ಟಿಯಲ್ಲಿವೆ. ನಿಮ್ಮ ಕೆಲಸ ಯಾವುದರಲ್ಲಿ ಬರುತ್ತದೆ ಎಂದು ಆಡಿಟರ್ ಹತ್ತಿರ ಒಮ್ಮೆ ಕೂತು ಕೇಳಿ.

ಕಂಪನಿಗಳ ಜೊತೆ ಕೆಲಸ ಮಾಡುವವರು ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ) ಮಾಡಿಸಿ. ಆಧಾರ್, ಪ್ಯಾನ್ ಸಾಕು, ಸರ್ಕಾರಿ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ. ದುಡ್ಡು ಕೇಳುವ ವೆಬ್‌ಸೈಟುಗಳೆಲ್ಲ ದಲ್ಲಾಳಿಗಳದು. ನೋಂದಣಿ ಇದ್ದವರಿಗೆ, 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ, ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಸಲ್ಲಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ‘ಬ್ಯಾಂಕ್ ದರ’ದ ಮೂರು ಪಟ್ಟು ಚಕ್ರಬಡ್ಡಿ. ಗಡುವು ಮೀರಿದ ಬಾಕಿಯನ್ನು ಪಾವತಿಸುವವರೆಗೆ ಖರ್ಚಿನ ಲೆಕ್ಕಕ್ಕೆ ತೋರಿಸಲು ಕಂಪನಿಗೆ ಆದಾಯ ತೆರಿಗೆಯಲ್ಲೂ ಅವಕಾಶವಿಲ್ಲ. ಹಾಗಾಗಿ ಉದ್ಯಮ್ ಸಂಖ್ಯೆಯಿರುವ ಬಿಲ್ಲಿಗೆ ಮಾರ್ಚ್ ತಿಂಗಳಲ್ಲಿ ಅಕೌಂಟ್ಸ್ ವಿಭಾಗದವರೇ ಫೋನ್ ಮಾಡುತ್ತಾರೆ.

ಕೊಟೇಶನ್ ಹೇಗೆ ಬರೆಯುವುದು ಎಂದು ಕೇಳುವವರಿಗೆ ಇದನ್ನು ಕಾಪಿ ಮಾಡಿಕೊಳ್ಳಿ:

“ಕೆಲಸ: ಭಾವಚಿತ್ರ, ಅಕ್ರಿಲಿಕ್, 24×36 ಇಂಚು. ಮೊತ್ತ 27,500, 40-30-30 ಕಂತು, ಮೊದಲ ಕಂತು ಹಿಂದಿರುಗಿಸುವುದಿಲ್ಲ. ಒಪ್ಪಿಗೆ ಕೊಡುವವರು: (ಒಬ್ಬರ ಹೆಸರು). ಪೆನ್ಸಿಲ್ ಹಂತದಲ್ಲಿ 2 ತಿದ್ದುಪಡಿ ಉಚಿತ, ಬಣ್ಣದ ನಂತರ ಗಂಟೆಗೆ 450. ಕಟ್ಟು, ಪ್ಯಾಕಿಂಗ್, ಸಾಗಣೆ ಪ್ರತ್ಯೇಕ. ಕರಡು ಒಪ್ಪಿದ ದಿನದಿಂದ 5 ವಾರಕ್ಕೆ ತಯಾರು; ಕರಡಿಗೆ ಉತ್ತರ ತಡವಾದಷ್ಟು ದಿನ ಇದೂ ಮುಂದಕ್ಕೆ. ಕೃತಿಸ್ವಾಮ್ಯ ಕಲಾವಿದರಲ್ಲೇ ಉಳಿಯುತ್ತದೆ. ಈ ದರ 15 ದಿನ ಮಾತ್ರ.”

ಎರಡು ಪ್ರತಿ ತೆಗೆದು, ಎರಡಕ್ಕೂ ಇಬ್ಬರ ಸಹಿ, ತಾರೀಕು ಹಾಕಿ. ದೂರದವರಾದರೆ ಸಹಿ ಮಾಡಿದ ಹಾಳೆಯ ಸ್ಕ್ಯಾನ್ ಇಮೇಲ್‌ನಲ್ಲಿ ತರಿಸಿಕೊಂಡು, ಮೊದಲ ಕಂತು ಖಾತೆಗೆ ಬಿದ್ದ ಮೇಲೆ ಕ್ಯಾನ್ವಾಸ್ ಬಿಗಿಯಿರಿ.